ನಮ್ಮವರು ಕೊಟ್ಟ ‘ಗುಡ್’

ನಮ್ಮ ವಿಭಾಗದ ಅಧಿಕಾರಿ ಹಾಸನದ ಕಡೆಯವರು. ಇಡೀ ಮಹಡಿಯಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಕೇಂದ್ರ ಸರ್ಕಾರಿ ನೌಕರರ ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿ ಅವರ ಮನೆ ನಮ್ಮ ಹಿಂದಿನ ಬ್ಲಾಕಿನಲ್ಲಿ. ಊರಿಂದ ಬಂದ ಹುರುಳಿಕಾಳಿನಲ್ಲಿ ಅವರ ಹೆಂಡತಿ ನನಗೂ ಒಂದು ಪಾಲು ಎತ್ತಿಡುತ್ತಿದ್ದರು. ಆಫೀಸಿನಲ್ಲಿ ಮಾತ್ರ ಅವರು ನನ್ನೊಡನೆ ಹಿಂದಿ ಬಿಟ್ಟು ಬೇರೆ ಮಾತಾಡಿದವರಲ್ಲ.

ನೌಕರರ ಕೆಲಸದ ಬಗ್ಗೆ ಅಧಿಕಾರಿ ಬರೆಯುವ ವಾರ್ಷಿಕ ವರದಿಯನ್ನು ಆಯಾ ನೌಕರರಿಗೇ ತೋರಿಸಬೇಕೆಂಬ ನಿಯಮ ಆಗಷ್ಟೇ ಬಂದಿತ್ತು. ನನ್ನದರಲ್ಲಿ ‘ಗುಡ್’ ಎಂದಿತ್ತು. ಬಡ್ತಿಗೆ ‘ವೆರಿ ಗುಡ್’ ಬೇಕು. ಪಕ್ಕದ ಮೇಜಿನವನು ಚಳಿಗಾಲವಿಡೀ ಹೊರಗೆ ಹುಲ್ಲಿನ ಮೇಲೆ ಬಿಸಿಲು ಕಾಯಿಸುತ್ತ ಕಡಲೆಕಾಯಿ ಸುಲಿಯುತ್ತಿದ್ದ. ಅವನ ಫೈಲುಗಳೂ ನನ್ನ ಪಾಲಿಗೇ ಬಂದಿದ್ದವು. ಅವನಿಗೆ ‘ವೆರಿ ಗುಡ್’ ಸಿಕ್ಕಿತ್ತು.

ಕೇಳಲು ಹೋದೆ. ಅಧಿಕಾರಿ ಬಾಗಿಲು ಮುಚ್ಚಿ, ಆಫೀಸಿನಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದರು.

“ಕೂತ್ಕೊಳ್ಳಿ. ನಿಮ್ಮ ಕೆಲಸದ ಬಗ್ಗೆ ಎರಡು ಮಾತಿಲ್ಲಮ್ಮ.”

“ಮತ್ಯಾಕೆ ಸರ್?”

“ಅವನಿಗೆ ಕಡಿಮೆ ಕೊಟ್ರೆ ಯೂನಿಯನ್ ಕರ್ಕೊಂಡು ಬರ್ತಾನೆ. ನಿಮಗೆ ಜಾಸ್ತಿ ಕೊಟ್ರೆ, ತಮ್ಮವರಿಗೆ ಕೊಟ್ಕೊಂಡ್ರು ಅಂತಾರೆ. ನೀವಾದ್ರೆ ಅರ್ಥ ಮಾಡ್ಕೋತೀರಿ.” ಸಹಿಗೆಂದು ವರದಿಯನ್ನು ನನ್ನತ್ತ ಸರಿಸಿ, “ಬೇಕಾದ್ರೆ ಆಕ್ಷೇಪಣೆ ಬರೆದುಕೊಡಿ, ಬೇಡ ಅನ್ನಲ್ಲ,” ಎಂದರು.

ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ. ಸಹಿ ಹಾಕಿ ಎದ್ದು ಬಂದೆ.

ಮನೆಯಲ್ಲಿ ಬೀನ್ಸ್ ಹೆಚ್ಚುತ್ತ ಕೂತಾಗ ನನ್ನ ಗಂಡ, “ಬರೆದುಕೊಡು, ನಿನ್ನ ಹಕ್ಕು ಅದು,” ಎಂದರು.

“ಆಮೇಲೆ ಹುರುಳಿಕಾಳು ಕೊಡೋ ಆ ಅಕ್ಕನ ಮುಖ ಹೇಗೆ ನೋಡ್ಲಿ?”

“ಮಮ್ಮಿ, ಭೂಖ್ ಲಗೀ ಹೈ,” ಎಂದು ಮಗ ಹಸಿದು ಬಂದ. ಎದ್ದು ಚಪಾತಿ ಹಿಟ್ಟು ಕಲಸಿದೆ.

ಆಮೇಲೂ ಆಫೀಸಿಗೆ ಹೊತ್ತಿಗೆ ಸರಿಯಾಗಿಯೇ ಹೋಗುತ್ತಿದ್ದೆ. ಆದರೆ ಬರೆದ ಕರಡನ್ನು ಇನ್ನೊಮ್ಮೆ ಓದಿ ತಿದ್ದುವುದು ತಾನಾಗಿ ನಿಂತುಹೋಯಿತು. ಪಕ್ಕದವನ ಫೈಲು ಬಂದರೆ ಅವನ ಮೇಜಿನ ಮೇಲಿಟ್ಟು ಬರುತ್ತಿದ್ದೆ. ಅವು ಅಲ್ಲೇ ಧೂಳು ಹಿಡಿದವು. ಯಾರೂ ಏನೂ ಕೇಳಲಿಲ್ಲ.

ಮುಂದೆ ನನ್ನನ್ನು ಬೇರೆ ವಿಭಾಗಕ್ಕೆ ಹಾಕಿದರು. ಅಲ್ಲಿನ ಮೇಡಂಗೆ ನನ್ನ ಹೆಸರು ಕೂಡ ನೆನಪಿರುತ್ತಿರಲಿಲ್ಲ. ಜಗಳ ಯಾಕೆಂದು ಅವರು ಎಲ್ಲರಿಗೂ ‘ವೆರಿ ಗುಡ್’ ಬರೆಯುತ್ತಿದ್ದರು. ತಡವಾಗಿಯಾದರೂ ನನಗೂ ಬಡ್ತಿ ಬಂತು.

ಸುದ್ದಿ ಕೇಳಿ ಹಳೆಯ ಅಧಿಕಾರಿ ಹೆಂಡತಿಯೊಡನೆ ಬರ್ಫಿ ಹಿಡಿದು ಮನೆಗೆ ಬಂದರು. “ನೋಡಿದ್ರಾ, ಕೆಲಸ ಮಾಡೋರನ್ನ ದೇವರು ಕೈಬಿಡಲ್ಲ,” ಎಂದರು. ಅವರ ಮುಖದಲ್ಲಿದ್ದದ್ದು ನಿಜವಾದ ಸಂತೋಷವೇ.

“ಹೌದು ಸರ್,” ಎಂದೆ. “ಚಹಾಕ್ಕೆ ಸಕ್ಕರೆ ಹಾಕಲಾ?”