ವರಾಂಡದಲ್ಲೇ ಉಳಿದ ಅಮೆರಿಕದ ಆಡಿಟರ್

ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಒಂದು ರೇಡಿಯೊ ಕಾರ್ಖಾನೆಯಲ್ಲಿ ಅಕೌಂಟೆಂಟ್ ಆಗಿದ್ದೆ. ನಮ್ಮ ಲೆಕ್ಕಪತ್ರ ನೋಡೋಕೆ ಅಮೆರಿಕದಿಂದ ಕಪ್ಪು ಜನಾಂಗದ ಆಡಿಟರ್ ಒಬ್ಬರು ಬಂದರು. ಅವರ ಊರಲ್ಲಿ ಕಪ್ಪು ಜನರಿಗೆ ಯಾರೂ ಆಡಿಟ್ ಕೆಲಸ ಕೊಡದಿದ್ದಾಗ ಸ್ವಂತ ಕಂಪನಿ ತೆರೆದವರು, ಆಮೇಲೆ ಒಂದು ರೇಡಿಯೊ ಸ್ಟೇಷನ್ನನ್ನೇ ಕೊಂಡವರು. ಅವರಿಗೆ ಬಾಡಿಗೆ ಮನೆ ಹುಡುಕೋ ಕೆಲಸ ನನ್ನ ತಲೆಗೆ ಬಿತ್ತು.

ಎಲ್ಲೂ ಸಿಗಲಿಲ್ಲ. ಕೊನೆಗೆ ವಿಜಯನಗರದ ರಿಟೈರ್ಡ್ ಮೇಷ್ಟ್ರೊಬ್ಬರು ನಮ್ಮನ್ನ ವರಾಂಡದಲ್ಲಿ ಕೂರಿಸಿ ಕಾಫಿ ಕೊಟ್ಟರು. ಒಳಗೆ ರೇಡಿಯೊ ಹಾಡ್ತಿತ್ತು. ನನ್ನ ಕಡೆ ತಿರುಗಿ, “ಮನೆ ಆಗ್ಲೇ ಕೊಟ್ಬಿಟ್ಟಿದೀವಿ ಸಾರ್” ಅಂದರು ಕನ್ನಡದಲ್ಲಿ. ಗೇಟಿನ ಮೇಲೆ ‘ಮನೆ ಬಾಡಿಗೆಗಿದೆ’ ಬೋರ್ಡು ಇನ್ನೂ ನೇತಾಡ್ತಿತ್ತು.

ಇದನ್ನ ಇಂಗ್ಲಿಷಿನಲ್ಲಿ ಹೇಗೆ ಹೇಳೋದು ಅಂತ ತಡವರಿಸಿದೆ. ಆಡಿಟರ್ ನಕ್ಕರು. “ಬಿಡಿ, ಅರ್ಥ ಆಯ್ತು. ನಮ್ಮೂರಲ್ಲೂ ನನ್ನ ಸ್ಟೇಷನ್ ಎಲ್ಲರ ನಡುಮನೇಲಿ ಹಾಡುತ್ತೆ. ನಾನು ಹೋದ್ರೆ ಮಾತ್ರ ಬಾಗಿಲಿಂದಲೇ ಕಳಿಸ್ತಾರೆ.” ಹಾಗಂದು ಎದ್ದು ಗೇಟು ದಾಟಿದರು.

ಮೇಷ್ಟ್ರು ನನ್ನ ಕೈ ಹಿಡಿದುಕೊಂಡರು. “ಬೇಜಾರು ಮಾಡ್ಕೋಬೇಡಿ. ನಿಮಗಾದ್ರೆ ಇವತ್ತೇ ಕೊಡ್ತೀನಿ. ಅಂದಹಾಗೆ, ನಿಮ್ಮದು ಯಾವ ಜನ?”

ನಾನು ಚಪ್ಪಲಿ ಮೆಟ್ಟಿಕೊಂಡೆ. ನಿಜ ಹೇಳಿದ್ದಿದ್ದರೆ, ಕುಡಿದ ಲೋಟವನ್ನ ನನ್ನ ಕೈಲೇ ತೊಳೆಸಬೇಕಾಗ್ತಿತ್ತು. ಪಾಪ, ವಯಸ್ಸಾದವರಿಗೆ ಆ ಮುಜುಗರ ಯಾಕೆ?