ಖಾಲಿ ಪೀಪಾಯಿಯ ಮುಂದಿನ ಆರತಿ

ಪುಣೆಯಲ್ಲಿ ಮೋಟಾರುಗಳು ಇನ್ನೂ ಅಪರೂಪವಾಗಿದ್ದ ಕಾಲದಲ್ಲಿ, ರೈಲು ನಿಲ್ದಾಣದ ಹಿಂದಿನ ಪೆಟ್ರೋಲ್ ಡಿಪೋಕ್ಕೆ ನಾನು ಮೇಲ್ವಿಚಾರಕನಾಗಿ ಸೇರಿದೆ. ಧಾರವಾಡದಿಂದ ಬಂದವನು, ಮೂಗಿನ ತುದಿಯಲ್ಲೇ ಕೋಪ. ಯಾರಾದರೂ ಕಿವಿಯ ಮೇಲೆ ಬೀಡಿ ಸಿಕ್ಕಿಸಿಕೊಂಡು ಒಳಗೆ ಬಂದರೂ ಸಾಕು, ಹಾರಾಡುತ್ತಿದ್ದೆ. ಕೂಲಿಗಳು ಬೆನ್ನ ಹಿಂದೆ ನನ್ನನ್ನೇ ಕಡ್ಡಿಪೆಟ್ಟಿಗೆ ಎನ್ನುತ್ತಿದ್ದರಂತೆ.

ಮೊದಲ ಖಂಡೇನವಮಿಗೇ, ಅಂದರೆ ಆಯುಧಪೂಜೆಗೇ, ನನ್ನ ನೌಕರಿಗೆ ಸಂಚಕಾರ ಬಂತು. ಅಂದು ಕೈಪಂಪು, ನಟ್ಟು ತಿರುಗಿಸುವ ಪಾನಾಗಳನ್ನು ತೊಳೆದು, ಖಾಲಿ ಪೀಪಾಯಿಗಳ ಮುಂದೆ ಸಾಲಾಗಿಟ್ಟು, ಕರ್ಪೂರದ ಆರತಿ ಎತ್ತುವುದು ಅಲ್ಲಿನ ವಾಡಿಕೆ. ತುಂಬಿದ ಪೀಪಾಯಿಯ ಹತ್ತಿರ ಯಾರೂ ಬೆಂಕಿ ಒಯ್ಯುತ್ತಿರಲಿಲ್ಲ. ಖಾಲಿಯಾದದ್ದು ಮಾತ್ರ ಬಲು ಸಾಧು ಎಂಬ ನಂಬಿಕೆ. ಹಬ್ಬಕ್ಕೆ ಕೆಲವು ದಿನ ಮೊದಲೇ ನಾನು, ಅದರೊಳಗೆ ಉಳಿದ ಆವಿಯೇ ಹೆಚ್ಚು ಅಪಾಯ, ಕಿಡಿ ತಾಗಿದರೆ ಒಬ್ಬರೂ ಉಳಿಯುವುದಿಲ್ಲ ಎಂದೆ. ಮಾಲೀಕರೂ ನಮ್ಮ ಧಾರವಾಡದ ಕಡೆಯವರೇ, ನನಗಿಂತ ಮುಂಗೋಪಿ. ಆರತಿಗೆ ಅಡ್ಡ ಬಂದರೆ ಮರುದಿನವೇ ಊರಿಗೆ ಗಂಟು ಕಟ್ಟು ಎಂದರು. ಕೂಲಿಗಳ ಮುಖ್ಯಸ್ಥ ಮುಕಾದಮರು, ಬೆಳಗಾವಿ ಕಡೆಯ ಹಿರಿಯರು, ಮಾಲೀಕರ ಮಾತಿಗೇ ತಲೆಯಾಡಿಸಿದರು. ನನಗೆ ಸಿಟ್ಟಿಗಿಂತ ಭಯವೇ ಹೆಚ್ಚಾಯಿತು.

ಹಬ್ಬದ ಹಿಂದಿನ ದಿನ ಕೂಲಿಗಳನ್ನು ಡಿಪೋದಿಂದ ದೂರದ ಬಯಲಿಗೆ ಕರೆದೊಯ್ದೆ. ಮಾಳಿಗೆಯ ಮಳೆನೀರು ಇಳಿಸುವ ತಗಡಿನ ದೋಣಿಯೊಂದನ್ನು ಓರೆಯಾಗಿ ನಿಲ್ಲಿಸಿ, ಕೆಳತುದಿಯಲ್ಲಿ ಹಣತೆ ಹಚ್ಚಿದೆ. ಪಕ್ಕದಲ್ಲಿ ಬಕೆಟ್ ತುಂಬ ಮರಳಿತ್ತು. ಪೆಟ್ರೋಲಿನಲ್ಲಿ ಅದ್ದಿ ಹಿಂಡಿದ ಅರಿವೆಯನ್ನು ಕೋಲಿನಿಂದ ಮೇಲ್ತುದಿಯಲ್ಲಿಟ್ಟು ಹಿಂದೆ ಸರಿದೆ.

"ದೀಪ ಅಲ್ಲೆ ಅದ, ಅರಿವಿ ಇಲ್ಲೆ ಅದ. ಏನ ಆಗ್ತದ್ರಿ?" ಎಂದರು ಮುಕಾದಮರು. ಉಳಿದವರು ನಕ್ಕರು.

ಕಣ್ಣಿಗೆ ಕಾಣದ ಆವಿ ದೋಣಿಯಗುಂಟ ಇಳಿದು ಹಣತೆ ಮುಟ್ಟಿದ್ದೇ ತಡ, ಉರಿ ಭಸ್ಸೆಂದು ಮೇಲಕ್ಕೆ ಓಡಿ ಅರಿವೆಯನ್ನು ಹಿಡಿಯಿತು. ಮರಳು ಸುರಿದು ಆರಿಸಿ, ಖಾಲಿ ಪೀಪಾಯಿಯ ತಳದಲ್ಲೂ ಇಷ್ಟು ಪಸೆ ಇದ್ದೇ ಇರುತ್ತದೆ ಎಂದೆ. ಮುಕಾದಮರು ಡಿಪೋದ ಕಡೆ ತಿರುಗಿ ನೋಡಿದರು. ಅವರ ಇಬ್ಬರು ಮಕ್ಕಳೂ ಅದೇ ಡಿಪೋದಲ್ಲಿ ದುಡಿಯುತ್ತಿದ್ದರು.

ಮರುದಿನ ಬೆಳಿಗ್ಗೆ ಮಾಲೀಕರು ಉರಿಯುವ ಆರತಿ ಹಿಡಿದೇ ಗೇಟಿಗೆ ಬಂದರು. ನಾನು ಓಡಿಹೋಗುವಷ್ಟರಲ್ಲಿ ಮುಕಾದಮರು ಅಡ್ಡ ನಿಂತಿದ್ದರು.

"ಧಣ್ಯಾರ, ಪೂಜಿ ಬಯಲಾಗ ಮಾಡೂಣ್ರಿ. ಬೆಂಕಿ ಒಳಗ ಬಿಡೂದಿಲ್ರಿ."

ಕೂಲಿಗಳೆಲ್ಲ ಬಂದು ಅವರ ಹಿಂದೆ ನಿಂತರು. ಮಾಲೀಕರ ಮುಖ ಕೆಂಪಾಯಿತು. ಮುಕಾದಮರು ತಾವು ಕಂಡದ್ದನ್ನು ನಿಧಾನವಾಗಿ ಹೇಳಿದರು, ನನಗಿಂತ ಎಷ್ಟೋ ಚೆನ್ನಾಗಿ ಹೇಳಿದರು. ಕೇಳುತ್ತ ಕೇಳುತ್ತ ಮಾಲೀಕರು ತಟ್ಟೆಯನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ಒಯ್ದರು.

ತೊಳೆದ ಪಂಪು, ಪಾನಾಗಳು ಮೆರವಣಿಗೆಯಲ್ಲಿ ಬಯಲಿಗೆ ಬಂದವು. ಪೀಪಾಯಿಗಳು ಒಳಗೇ ಉಳಿದವು. ಮಾಲೀಕರು ಆರತಿ ಎತ್ತಲು ಹೋಗಿ ನಿಂತು, ತಟ್ಟೆಯನ್ನು ನನ್ನ ಕಡೆ ಚಾಚಿದರು.

"ಮೊದಲ ನೀವ ಎತ್ರಿ," ಎಂದರು.