ತಿರುಳಲ್ಲಿ ಕೂತವರು

ತಿಪಟೂರಿನ ಕೊಬ್ಬರಿ ಮಂಡಿಯ ಗಂಗಾಧರಯ್ಯನವರ ಕಂಪ್ಯೂಟರ್ ರಿಪೇರಿಗೆ ಹೋಗಿದ್ದೆ. ಕಾಲೇಜಿನ ಗೆಳತಿಗೆ ಅವರು ದಿನಾ ಈಮೇಲ್ ಬರೆಯುತ್ತಿದ್ದರು. ಆಕೆ ಕ್ಷಿಪಣಿ ವಿಜ್ಞಾನಿ.

"ಯಾವುದೋ ದೇಶದ ಸರ್ಕಾರ ಸಾಕಿರೋ ಕಳ್ಳರು ಒಳಗೆ ಸೇರವ್ರೆ ಸಾರ್. ಕರ್ನೆಲ್ ಅಂತೀವಲ್ಲ, ಕಂಪ್ಯೂಟರಿನ ತಿರುಳು, ಅದರಲ್ಲೇ ಅಡಗವ್ರೆ. ಕಂಪ್ಯೂಟರ್‌ಗೇ ಗೊತ್ತಾಗಲ್ಲ" ಎಂದೆ.

ಅವರು ಒಣಗಿದ ಕಾಯಿ ನೋಡುವಂತೆ ಪೆಟ್ಟಿಗೆಯನ್ನು ಅಲ್ಲಾಡಿಸಿ ಕಿವಿಗೊಟ್ಟರು.

"ಸದ್ದೇ ಇಲ್ವಲ್ಲಪ್ಪ. ಕೂತ್ಕೊಂಡು ಏನ್ ಮಾಡ್ತಾರೆ?"

"ನೀವು ಆ ಮೇಡಂಗೆ ಬರೆಯೋದನ್ನ ಓದ್ತಾರೆ."

"ಎಲ್ಲಾನೂವೆ?"

"ಒಂದಕ್ಷರ ಬಿಡದಂಗೆ."

ಆಕೆಯಿಂದ ಉತ್ತರ ಬಂದು ವರ್ಷಗಳೇ ಆಗಿದ್ದವು. ಗಂಗಾಧರಯ್ಯ ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟರು.

"ಹಂಗಾದ್ರೆ ಇರ್ಲಿ ಬುಡಪ್ಪ, ತೆಗೀಬೇಡ."

ನನ್ನ ಕೆಲಸ, ತೆಗೆದೇ ಬಂದೆ. ಮನೆಗೆ ಬಂದವನು ನನ್ನ ಕಂಪ್ಯೂಟರನ್ನೂ ಜಾಲಾಡಿದೆ. ಒಳಗೆ ಯಾರೂ ಇರಲಿಲ್ಲ.